ಬೆಳಕಿಗೆ ಸಿಕ್ಕಿಬೀಳುವ ಕಸದ ಎಣ್ಣಿ

ಹೊಲಕ್ಕೆ ಹೊಡೆದ ಕಳೆನಾಶಕ, ಈ ಸೀಮೆಯ ಮಾತಿನಲ್ಲಿ ಕಸದ ಎಣ್ಣಿ, ಮೊದಲ ದೊಡ್ಡ ಮಳೆಗೇ ಹಳ್ಳ ಸೇರುತ್ತದೆ. ನೀರಿನ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ಅದನ್ನು ಹಳ್ಳದ ದಂಡೆಯಲ್ಲೇ ಪತ್ತೆಹಚ್ಚುವ ಅಂಗೈಯಗಲದ ಸಾಧನಕ್ಕಾಗಿ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ವಿಷ ಗಿಡವನ್ನು ಎಲ್ಲಿ ಹಿಡಿದು ಕೊಲ್ಲುತ್ತದೋ ಅಲ್ಲೇ ವಿಷಕ್ಕೂ ಬಲೆ ಬೀಸುವುದು ಅವರ ಉಪಾಯ.

ಕಾರಹುಣ್ಣಿಮೆ ಮುಗಿದಿದೆ. ಬಾದಾಮಿಯಿಂದ ಪಟ್ಟದಕಲ್ಲಿನ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಆಗಷ್ಟೇ ಬಿತ್ತಿದ ಗೋವಿನಜೋಳದ ಹೊಲಗಳು. ಹಸಿ ನೆಲದ ಮೇಲೆ ಬೆನ್ನಿಗೆ ಪಂಪು ಏರಿಸಿಕೊಂಡ ಹುಡುಗನೊಬ್ಬ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತ ಎಣ್ಣಿ ಹೊಡೆಯುತ್ತಿದ್ದಾನೆ. ಎಣ್ಣಿ ಬಿದ್ದ ಜಾಗವನ್ನು ತುಳಿಯುವಂತಿಲ್ಲ. ತುಳಿದರೆ ಮಣ್ಣಿನ ಮೇಲಿನ ತೆಳು ಪದರ ಒಡೆದು ಅಲ್ಲಿ ಕಸ ಹುಟ್ಟುತ್ತದೆ.

ಕೆಲಸ ಮುಗಿಸಿ ಹಳ್ಳಕ್ಕೆ ಇಳಿದವನನ್ನು ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಗಳು ತಡೆಯುತ್ತಾಳೆ.

"ತಮ್ಮಾ, ಆ ಪಂಪ ಇಲ್ಲಿ ತೊಳೀಬ್ಯಾಡ. ದನ ನೀರ ಕುಡಿತಾವ."

"ಒಂದೀಟ ಐತಿ ಯಕ್ಕಾ. ಮಳಿ ಆದ್ರ ಹರದ ಹೊಕ್ಕೈತಿ."

ಮುಂಗಾರಿನಲ್ಲಿ ಈ ಸೀಮೆಯ ಯಾವ ಹಳ್ಳದ ದಂಡೆಯಲ್ಲೂ ಇಂಥ ಮಾತು ಕಿವಿಗೆ ಬೀಳಬಹುದು. ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ, ಮಳೆ ಬಂದರೆ ಅದು ಹರಿದೇ ಹೋಗುತ್ತದೆ. ಹಳ್ಳ ಮಲಪ್ರಭೆಗೆ, ಮಲಪ್ರಭೆ ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ, ಅಲ್ಲಿಂದ ನಾರಾಯಣಪುರದ ಜಲಾಶಯಕ್ಕೆ. ಎಣ್ಣಿ ಎಷ್ಟು ಹರಿದು ಹೋಯಿತು, ಎಷ್ಟು ಉಳಿಯಿತು ಎಂದು ಅಲ್ಲೇ ನಿಂತು ಹೇಳಬಲ್ಲ ಸಾಧನ ಹೆಣ್ಣುಮಗಳ ಹತ್ತಿರವೂ ಇಲ್ಲ, ಹುಡುಗನ ಹತ್ತಿರವೂ ಇಲ್ಲ, ಗ್ರಾಮ ಪಂಚಾಯ್ತಿಯ ಹತ್ತಿರವೂ ಇಲ್ಲ.

ಕುರ್ಪಿ ಹೋಗಿ ಪಂಪು ಬಂತು

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿ.ಮೀ. ಮಳೆಯೂ ಆಗುವುದಿಲ್ಲ. ಬಿದ್ದಷ್ಟು ಹಸಿಯಲ್ಲಿ ಬೆಳೆಗೆ ಮುಂಚೆ ಪಾಲು ಕೇಳುವುದು ಕಸ: ಕರಕಿ, ಜೇಕು, ಕಾಂಗ್ರೆಸ್ ಗಿಡ. ಎಡಿ ಹೊಡೆದು, ಕುರ್ಪಿ ಹಿಡಿದು ಕಸ ತೆಗೆಯುತ್ತಿದ್ದ ಕೈಗಳು ಈಗ ಊರಲ್ಲಿ ಕಡಿಮೆ. ಬಾದಾಮಿ, ಹುನಗುಂದ ಭಾಗದ ಎಷ್ಟೋ ಕುಟುಂಬಗಳು ಗೋವಾ, ಮಂಗಳೂರಿನ ಕಡೆ ದುಡಿಯಲು ಹೋಗುತ್ತವೆ. ಮಳೆ ಬಿಟ್ಟುಕೊಟ್ಟ ಎರಡು ದಿನದೊಳಗೆ ಆಳು ಸಿಗದಿದ್ದರೆ ಬೆಳೆ ಕೈಬಿಟ್ಟಂತೆಯೇ. ರೈತ ಕಸದ ಎಣ್ಣಿಯ ಮೊರೆ ಹೋದದ್ದು ಸೋಮಾರಿತನದಿಂದಲ್ಲ. ಈ ಲೇಖನದಲ್ಲಿ ಅವನ ಮೇಲೆ ಯಾವ ಆರೋಪವೂ ಇಲ್ಲ.

ಗೋವಿನಜೋಳಕ್ಕೂ ಕಬ್ಬಿಗೂ ಹೆಚ್ಚು ಬಳಕೆಯಲ್ಲಿರುವುದು ಅಟ್ರಜಿನ್. ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿ 1958ರಲ್ಲಿ ಬಳಕೆಗೆ ಬಂದ ರಾಸಾಯನಿಕ ಇದು. ಅಂಗಡಿಯಲ್ಲಿ ಸಿಗುವ ಪುಡಿಯಲ್ಲಿ ಅರ್ಧ ಭಾಗ ನಿಜವಾದ ಔಷಧಿ. ಎಕರೆಗೆ ಅರ್ಧ ಕಿಲೊ ಪುಡಿ ಹಾಕಿದರೆ 250 ಗ್ರಾಂ ಅಟ್ರಜಿನ್ ನೆಲಕ್ಕೆ ಬಿತ್ತು.

250 ಗ್ರಾಂ ಏನು ಮಹಾ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಲೀಟರಿಗೆ 2 ಮೈಕ್ರೋಗ್ರಾಂ ಅಟ್ರಜಿನ್ ಮಾತ್ರ ಇರಬಹುದು ಎನ್ನುತ್ತದೆ. ಹೊಡೆದದ್ದರಲ್ಲಿ ನೂರಕ್ಕೆ ಒಂದೇ ಪಾಲು ಮಳೆನೀರಿನೊಂದಿಗೆ ಕೊಚ್ಚಿಹೋಯಿತು ಎಂದಿಟ್ಟುಕೊಳ್ಳಿ, ಅಂದರೆ ಎರಡೂವರೆ ಗ್ರಾಂ. ಅಷ್ಟೇ ಸಾಕು, 12.5 ಲಕ್ಷ ಲೀಟರ್ ನೀರು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಒಂದು ಸಾಧಾರಣ ಕೃಷಿಹೊಂಡ ತುಂಬಿದರೂ ಇಷ್ಟು ನೀರು ನಿಲ್ಲುವುದು ಕಷ್ಟ. ಇದು ಒಂದೇ ಎಕರೆಯ ಲೆಕ್ಕ.

ಕಪ್ಪು ಮಣ್ಣಿನ ವಿಚಾರವೇ ಬೇರೆ. ಹುನಗುಂದದ ಎರೆ ನೆಲ ಕ್ಷಾರದ ಕಡೆ ವಾಲಿದ ನೆಲ. ಕ್ಷಾರ ಹೆಚ್ಚಿದ್ದಷ್ಟೂ ಅಟ್ರಜಿನ್ ಒಡೆಯುವುದು ನಿಧಾನ. ಹೊಲದಲ್ಲಿ ಅದು ಅರ್ಧಕ್ಕೆ ಇಳಿಯಲು ಸರಾಸರಿ 60 ದಿನ ಬೇಕು ಎಂಬುದು ಸಾಮಾನ್ಯ ಲೆಕ್ಕ, ನೆಲಕ್ಕೆ ತಕ್ಕಂತೆ ಇದು ಹೆಚ್ಚು ಕಡಿಮೆ ಆಗುತ್ತದೆ. ಆ ಲೆಕ್ಕದಂತೆ ಜೂನ್‌ನಲ್ಲಿ ಹೊಡೆದದ್ದರಲ್ಲಿ ಕಾಲು ಪಾಲು ಅಕ್ಟೋಬರಿನಲ್ಲಿ ಹಿಂಗಾರಿ ಬಿತ್ತುವಾಗಲೂ ಮಣ್ಣಿನಲ್ಲಿ ಇರುತ್ತದೆ. ಗೋವಿನಜೋಳ ಅಟ್ರಜಿನ್ನನ್ನು ತನ್ನೊಳಗೇ ಮುರಿದು ಅರಗಿಸಿಕೊಳ್ಳುವ ಶಕ್ತಿ ಪಡೆದಿದೆ. ಕಡಲೆ, ಹೆಸರು, ಉಳ್ಳಾಗಡ್ಡಿಗೆ ಆ ಶಕ್ತಿ ಇಲ್ಲ. ಮೊಳಕೆ ಬಂದ ಮೇಲೆ ಎಲೆಯ ಅಂಚು ಹಳದಿಯಾಗಿ ಸುಟ್ಟಂತಾದರೆ ರೈತ ಬೀಜವನ್ನೋ ರೋಗವನ್ನೋ ದೂರುತ್ತಾನೆ. ನಿಜವಾದ ಕಾರಣ ನಾಲ್ಕು ತಿಂಗಳ ಹಿಂದಿನ ಪಂಪಿನಲ್ಲಿ ಇದ್ದಿರಬಹುದು.

ಇದಕ್ಕೆ ಕೃಷಿ ವಿಜ್ಞಾನದಲ್ಲಿ ಒಂದು ಹಳೆಯ ಪರೀಕ್ಷೆ ಇದೆ. ಅನುಮಾನವಿರುವ ಹೊಲದ ಮಣ್ಣನ್ನು ಕುಂಡಕ್ಕೆ ತುಂಬಿ ಸವತಿ ಬೀಜ ಊರಿ, ಎರಡು ಮೂರು ವಾರ ಕಾಯಿರಿ. ಸಸಿ ಹಳದಿಯಾದರೆ ಉಳಿಕೆ ಇದೆ ಎಂದರ್ಥ. ಯಾವ ಯಂತ್ರವೂ ಬೇಡದ, ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ಆದರೆ ಬಿತ್ತನೆಯ ಹದ ಮೂರು ವಾರ ಕಾಯುವುದಿಲ್ಲ. ಹಳ್ಳದ ನೀರು ಮೂರು ಗಂಟೆಯೂ ಕಾಯುವುದಿಲ್ಲ.

ಚೌಕಟ್ಟು: ಒಂದು ಲೀಟರ್ ನೀರಿನಲ್ಲಿ ಎಷ್ಟು?
ಭಾರತೀಯ ಮಾನದಂಡ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನಲ್ಲಿ ಕಳೆನಾಶಕದ ಗರಿಷ್ಠ ಮಿತಿ, ಲೀಟರಿಗೆ ಮೈಕ್ರೋಗ್ರಾಂಗಳಲ್ಲಿ: ಅಟ್ರಜಿನ್ 2, ಐಸೊಪ್ರೊಟ್ಯುರಾನ್ 9, ಅಲಾಕ್ಲೋರ್ 20, 2,4-ಡಿ 30, ಬ್ಯುಟಾಕ್ಲೋರ್ 125.
ಅಟ್ರಜಿನ್‌ಗೆ ಅಮೆರಿಕದ ಮಿತಿ 3. ಯುರೋಪಿನಲ್ಲಿ ಯಾವುದೇ ಒಂದು ಕೀಟನಾಶಕ ಅಥವಾ ಕಳೆನಾಶಕ 0.1 ಮೀರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 100ರವರೆಗೆ ಬಿಡುತ್ತದೆ.
ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು.

ಮಿತಿಗಳಲ್ಲೇ ಇಷ್ಟು ಅಂತರ ಇದೆ. ಅಟ್ರಜಿನ್ ಎಷ್ಟು ಅಪಾಯಕಾರಿ ಎಂಬ ವಾದವೂ ಇನ್ನೂ ಮುಗಿದಿಲ್ಲ. 2002ರಲ್ಲಿ ಅಮೆರಿಕದ ಜೀವವಿಜ್ಞಾನಿ ಟೈರೋನ್ ಹೇಯ್ಸ್, ಲೀಟರಿಗೆ 0.1 ಮೈಕ್ರೋಗ್ರಾಂ ಅಟ್ರಜಿನ್ ಇದ್ದ ನೀರಿನಲ್ಲಿ ಬೆಳೆದ ಗಂಡು ಕಪ್ಪೆಗಳ ಜನನಾಂಗಗಳಲ್ಲಿ ಹೆಣ್ಣಿನ ಲಕ್ಷಣ ಕಂಡುಬಂತೆಂದು ಪ್ರಕಟಿಸಿದರು. ತಯಾರಕರು ಅದನ್ನು ಒಪ್ಪಲಿಲ್ಲ. ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಜಿನ್‌ಗೆ ಅನುಮತಿ ನಿರಾಕರಿಸಿತು. ಭಾರತ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಿಸಲು ಹೊರಟ 27 ರಾಸಾಯನಿಕಗಳ ಕರಡು ಪಟ್ಟಿಯಲ್ಲಿ ಅಟ್ರಜಿನ್, 2,4-ಡಿ, ಡೈಯುರಾನ್, ಉಳ್ಳಾಗಡ್ಡಿಗೆ ಬಳಸುವ ಪೆಂಡಿಮೆಥಾಲಿನ್ ಮತ್ತು ಆಕ್ಸಿಫ್ಲೋರ್ಫೆನ್ ಕೂಡ ಇದ್ದವು. ಅಟ್ರಜಿನ್ ನಿಷೇಧವಾಗಲಿಲ್ಲ. ವಾದ ಯಾವ ಕಡೆ ವಾಲಿದರೂ, ನನ್ನ ಊರಿನ ನೀರಿನಲ್ಲಿ ಅದು ಎಷ್ಟಿದೆ ಎಂದು ತಿಳಿಯುವ ಹಕ್ಕು ಆ ನೀರು ಕುಡಿಯುವವರಿಗೆ ಇರಬೇಕು.

ದ್ರಾಕ್ಷಿಗಿದೆ, ಬಾವಿಗಿಲ್ಲ

ಪರೀಕ್ಷೆಯೇ ಇಲ್ಲ ಎಂದಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆ ಪರೀಕ್ಷಿಸುವ ಸುಸಜ್ಜಿತ ಪ್ರಯೋಗಾಲಯ ಇದೆ. ಇಳಕಲ್ಲಿನಿಂದ ಅಲ್ಲಿಗೆ ನೂರು ಕಿ.ಮೀ. ಮೀರಿದ ದಾರಿ. ಇಂಥ ಕಡೆ ಬಳಸುವ ಕ್ರೊಮಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೀಟರ್ ಜೋಡಿ ಯಂತ್ರದ ಬೆಲೆ ಕೋಟಿಯ ಮಾತು. ಮಾದರಿಯನ್ನು ತಂಪಾಗಿ ಒಯ್ಯಬೇಕು, ಶುದ್ಧಗೊಳಿಸಬೇಕು, ಪಳಗಿದ ಕೈ ಬೇಕು. ಫಲಿತಾಂಶ ನಿಖರ, ಆದರೆ ಅದು ಬರುವ ಹೊತ್ತಿಗೆ ಹಳ್ಳದ ನೀರು ಕೃಷ್ಣೆ ಸೇರಿ ಎಷ್ಟೋ ಕಾಲವಾಗಿರುತ್ತದೆ.

ರಫ್ತಿನ ಹಣ್ಣಿನ ಪಾಡು ಬೇರೆ. 2010ರಲ್ಲಿ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಕಂಡಾಗ ಯುರೋಪಿಗೆ ಹೋಗುವ ಸರಕೇ ಮುಗ್ಗರಿಸಿತ್ತು. ಯುರೋಪಿಗೆ ಹೋಗುವ ದ್ರಾಕ್ಷಿ ಉಳಿಕೆ ಪರೀಕ್ಷೆ ದಾಟದೆ ಹಡಗು ಹತ್ತುವುದಿಲ್ಲ. ದೂರದ ಗ್ರಾಹಕನ ತಟ್ಟೆಗೆ ಸಿಕ್ಕ ಈ ಕಾವಲು ದ್ರಾಕ್ಷಿ ತೋಟದ ಪಕ್ಕದ ಬಾವಿಗೆ ಸಿಕ್ಕಿಲ್ಲ. ನನಗೆ ಇದು ಒಪ್ಪಿಗೆಯಾಗುವ ಸಂಗತಿಯಲ್ಲ. ಈ ಅಂತರವನ್ನು ತುಂಬುವ ದಾರಿ ಇದೆಯೇ ಎಂದು, ಬೆಳಕು ಬಳಸಿ ಕಳೆನಾಶಕ ಹಿಡಿಯುವ ಸೆನ್ಸರ್‌ಗಳ ಬಗ್ಗೆ ಓದಲು ಹೊರಟೆ.

ಎಲೆಯೊಳಗಿನ ಕೊಡದ ಸಾಲು

ಅಟ್ರಜಿನ್ ಗಿಡವನ್ನು ಕೊಲ್ಲುವ ಬಗೆ ತಿಳಿದರೆ ಸೆನ್ಸರಿನ ಅರ್ಧ ಕತೆ ತಿಳಿದಂತೆ.

ಎಲೆಯ ಮೇಲೆ ಬೆಳಕು ಬಿದ್ದಾಗ ಅದರೊಳಗೆ ನೀರಿನಿಂದ ಇಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತ ಹೆಂಗಸರು ಕೊಡವನ್ನು ಕೈಯಿಂದ ಕೈಗೆ ದಾಟಿಸಿದಂತೆ ಆ ಇಲೆಕ್ಟ್ರಾನುಗಳು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತವೆ. ಸಾಲಿನ ಆರಂಭದ ಯಂತ್ರಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಫೋಟೊಸಿಸ್ಟಮ್ 2. ಅದರಲ್ಲಿ ಡಿ1 ಎಂಬ ಪ್ರೋಟೀನು, ಆ ಪ್ರೋಟೀನಿನಲ್ಲಿ ಒಂದು ಪುಟ್ಟ ಗೂಡು. ಅಲ್ಲಿ ಪ್ಲಾಸ್ಟೊಕ್ವಿನೋನ್ ಎಂಬ ಅಣು ನಿಂತು ಕೊಡ ಹೊರಬೇಕು. ಅಟ್ರಜಿನ್ ಬಂದು ಆ ಜಾಗವನ್ನು ಆಕ್ರಮಿಸುತ್ತದೆ. ಅದಕ್ಕೆ ಕೊಡ ಹೊರಲು ಬರುವುದಿಲ್ಲ, ಬೇರೆಯವರಿಗೆ ಜಾಗ ಬಿಡುವುದೂ ಇಲ್ಲ. ಸಾಲು ನಿಂತುಬಿಡುತ್ತದೆ. ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ದಾರಿ ಕಾಣದ ಆ ಶಕ್ತಿ ತೀಕ್ಷ್ಣ ಆಮ್ಲಜನಕದ ರೂಪ ತಾಳಿ ಎಲೆಯನ್ನೇ ಸುಡುತ್ತದೆ.

ಈ ಗೂಡಿನ ಬೆಲೆ ಎಷ್ಟೆಂದು ಕಳೆಗಳೇ ತೋರಿಸಿಕೊಟ್ಟವು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅಟ್ರಜಿನ್ ಬಗೆಯ ಔಷಧಿಗೆ ಸಾಯದ ಕಳೆಯೊಂದು 1970ರಲ್ಲಿ ವರದಿಯಾಯಿತು. ಇಂಥ ಕಳೆಗಳಲ್ಲಿ ಡಿ1 ಪ್ರೋಟೀನಿನ 264ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುವುದು ಆಮೇಲೆ ತಿಳಿಯಿತು. ಗೂಡಿನ ಆಕಾರ ಅಷ್ಟು ಬದಲಾದರೆ ಸಾಕು, ಅಟ್ರಜಿನ್ನಿಗೆ ಅಲ್ಲಿ ನೆಲೆ ಸಿಗದು.

ಈಗ ಸೆನ್ಸರಿಗೆ ಬರೋಣ. ಎಲೆಯ ಈ ಯಂತ್ರವನ್ನು ಹೊರತೆಗೆದು ಇಂಗಾಲದ ಶಾಯಿಯಲ್ಲಿ ಅಚ್ಚು ಹಾಕಿದ ಪುಟ್ಟ ಪಟ್ಟಿಯ ಮೇಲೆ ಹಚ್ಚಿ, ಕೆಂಪು ಎಲ್‌ಇಡಿ ದೀಪ ಬೆಳಗಿಸಿದರೆ ಹೊರಟ ಇಲೆಕ್ಟ್ರಾನುಗಳು ಪಟ್ಟಿಯ ಮೂಲಕ ತಂತಿಗೆ ಇಳಿಯುತ್ತವೆ. ಅತಿ ಸಣ್ಣ ವಿದ್ಯುತ್ತು, ಆದರೆ ಅಳೆಯಲು ಬರುವಂಥದ್ದು. ಹಳ್ಳದ ನೀರಿನ ಒಂದು ಹನಿ ಹಾಕಿ. ನೀರಿನಲ್ಲಿ ಅಟ್ರಜಿನ್ ಇದ್ದರೆ ಅದು ಹೋಗಿ ತನ್ನ ಗೂಡಿನಲ್ಲಿ ಕೂರುತ್ತದೆ, ವಿದ್ಯುತ್ತು ಕುಸಿಯುತ್ತದೆ. ಕುಸಿತದ ಪ್ರಮಾಣವೇ ವಿಷದ ಪ್ರಮಾಣ. ಕುಂಡದಲ್ಲಿ ವಾರಗಟ್ಟಲೆ ಹಿಡಿಯುವ ಸವತಿ ಸಸಿಯ ಪರೀಕ್ಷೆ ಇಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. ವಿಷ ಹಿಡಿಯುವ ಜಾಗ ಎರಡರಲ್ಲೂ ಒಂದೇ.

2002ರಲ್ಲಿ ಚೆಕ್ ಮತ್ತು ಇಟಲಿಯ ವಿಜ್ಞಾನಿಗಳು ಇಂಥದ್ದೇ ಅಚ್ಚಿನ ಪಟ್ಟಿಯ ಸೆನ್ಸರ್ ಮಾಡಿ ಅಟ್ರಜಿನ್, ಡೈಯುರಾನ್ ಗುಂಪಿನ ಕಳೆನಾಶಕಗಳನ್ನು ಹಿಡಿದು ತೋರಿಸಿದರು. ಪಾಲಕ್‌ನಂಥ ಎಲೆಯಿಂದ ತೆಗೆದ ಯಂತ್ರ ಕೋಣೆಯ ಶಾಖದಲ್ಲೇ ಬೇಗ ಸೋಲುತ್ತದೆ. ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ಬಾಗಲಕೋಟೆಯ ಮಾತಂತೂ ಬಿಡಿ. ಅದಕ್ಕೆ ಅವರು ಬಿಸಿನೀರಿನಲ್ಲೇ ಬದುಕುವ ಸೈನೆಕೊಕಾಕಸ್ ಎಂಬ ನೀಲಿಹಸಿರು ಸೂಕ್ಷ್ಮಜೀವಿಯ ಯಂತ್ರವನ್ನು ಆರಿಸಿಕೊಂಡರು. 2020ರಲ್ಲಿ ಇಟಲಿ ಮತ್ತು ಮೊರಾಕ್ಕೊದ ತಂಡ ಬೇರೆ ದಾರಿ ಹಿಡಿಯಿತು. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯನ್ನು ಜೀವಂತವಾಗಿಯೇ ಬಳಸಿ, ಅದು ಬೆಳಕಿನಲ್ಲಿ ಬಿಡುವ ಆಮ್ಲಜನಕವನ್ನು ಇಂಗಾಲದ ಮಸಿ ಹಚ್ಚಿದ ಪಟ್ಟಿಯಿಂದ ಅಳೆದು ಅಟ್ರಜಿನ್ ಪತ್ತೆಹಚ್ಚಿತು.

ಓದುತ್ತ ಹೋದಂತೆ ನನ್ನನ್ನು ಹೆಚ್ಚು ಹಿಡಿದದ್ದು ಈ ಭಾಗವೇ. ವಿಷ ತಯಾರಿಸಿದವರು ಹುಡುಕಿಕೊಂಡ ಬಾಗಿಲಲ್ಲೇ ಸೆನ್ಸರ್ ಮಾಡಿದವರು ಕಾವಲುಗಾರನನ್ನು ಕೂರಿಸಿದ್ದಾರೆ. ಹೊಸ ಹೆಸರಿನಲ್ಲಿ, ಹೊಸ ಡಬ್ಬಿಯಲ್ಲಿ ಬಂದರೂ ಆ ಗೂಡನ್ನೇ ಹುಡುಕಿ ಬರುವ ಯಾವ ಕಳೆನಾಶಕವೂ ಇವನ ಕಣ್ಣು ತಪ್ಪಿಸಲಾರದು.

ಚೌಕಟ್ಟು: ಹತ್ತೊಂಬತ್ತರ ಹುಡುಗ ಕಂಡದ್ದು
1839ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕ್ವೆರೆಲ್, ತಂದೆಯ ಪ್ರಯೋಗಾಲಯದಲ್ಲಿ, ದ್ರಾವಣದಲ್ಲಿ ಮುಳುಗಿಸಿದ ಇಲೆಕ್ಟ್ರೋಡಿನ ಮೇಲೆ ಬೆಳಕು ಬಿಟ್ಟಾಗ ವಿದ್ಯುತ್ತು ಹರಿದದ್ದನ್ನು ಗಮನಿಸಿದ. ಆಗ ಅವನಿಗೆ 19 ವರ್ಷ.
1922ರಲ್ಲಿ ಯಾರೋಸ್ಲಾವ್ ಹೆಯ್ರೋವ್‌ಸ್ಕಿ ದ್ರಾವಣದ ವಿದ್ಯುತ್ತಿನಿಂದ ಅದರಲ್ಲಿ ಏನಿದೆ ಎಂದು ಓದುವ ಪೋಲರೊಗ್ರಫಿ ಕಂಡುಹಿಡಿದರು. 1959ರಲ್ಲಿ ನೊಬೆಲ್ ಬಂತು.
1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ, ಬೆಳಕು ಬಿದ್ದ ಟೈಟೇನಿಯಂ ಡೈಆಕ್ಸೈಡ್ ಇಲೆಕ್ಟ್ರೋಡ್ ನೀರನ್ನೇ ಒಡೆಯುವುದನ್ನು ತೋರಿಸಿದರು.

ಜೀವವಿಲ್ಲದ ಎಲೆ

ಪಾಚಿಯ ಯಂತ್ರಕ್ಕೆ ಒಂದು ಮಿತಿ ಇದೆ. 2,4-ಡಿ ಆ ಗೂಡಿಗೆ ಬರುವುದಿಲ್ಲ, ಅದು ಗಿಡದ ಹಾರ್ಮೋನಿನ ವೇಷ ಹಾಕುತ್ತದೆ. ಗ್ಲೈಫೊಸೇಟ್ ಅಮೈನೊ ಆಮ್ಲ ತಯಾರಿಸುವ ಕಿಣ್ವವೊಂದನ್ನು ಕಟ್ಟಿಹಾಕುತ್ತದೆ. ಇವನ್ನು ಹಿಡಿಯಲು ಎಲೆಯ ಬದಲು ಬೆಳಕಿಗೆ ಸ್ಪಂದಿಸುವ ಅರೆವಾಹಕದ ಪುಡಿ ಬೇಕು.

ಗೋಡೆಯ ಬಿಳಿ ಬಣ್ಣಕ್ಕೆ ಬೆರೆಸುವ ಟೈಟೇನಿಯಂ ಡೈಆಕ್ಸೈಡ್ ಅಂಥದ್ದೊಂದು. ಅದಕ್ಕೆ ಅತಿನೇರಳೆ ಬೆಳಕು ಬೇಕು. ಬಿಸ್ಮತ್ ವೆನಡೇಟ್, ಕಾರ್ಬನ್ ನೈಟ್ರೈಡ್ ಬಗೆಯವು ಕಣ್ಣಿಗೆ ಕಾಣುವ ಬೆಳಕಿಗೇ ಒಗ್ಗುತ್ತವೆ. ಅರೆವಾಹಕದ ಮೇಲೆ, ಹುಡುಕಬೇಕಾದ ಅಣುವಿನ ಆಕಾರಕ್ಕೆ ಸರಿಯಾಗಿ ಪಾಲಿಮರಿನಲ್ಲಿ ಕುಳಿಗಳನ್ನು ಮಾಡುತ್ತಾರೆ. ಆ ಅಣು ಬಂದು ಕುಳಿ ತುಂಬಿದಾಗ ಬೆಳಕಿನ ವಿದ್ಯುತ್ತು ಬದಲಾಗುತ್ತದೆ. 2011ರಲ್ಲಿ ಚೀನಾದ ವಿಜ್ಞಾನಿಗಳು ಟೈಟೇನಿಯಂ ಡೈಆಕ್ಸೈಡಿನ ನ್ಯಾನೊ ಕೊಳವೆಗಳ ಮೇಲೆ 2,4-ಡಿ ಆಕಾರದ ಕುಳಿಗಳನ್ನು ಮಾಡಿ ಅದನ್ನು ಹಿಡಿದರು. ಬಾಗಲಕೋಟೆಗೆ ಈ ಸುದ್ದಿ ಮುಖ್ಯ. ದ್ರಾಕ್ಷಿ ಬಳ್ಳಿ 2,4-ಡಿಗೆ ಬಹಳ ಬೇಗ ನಲುಗುತ್ತದೆ. ಪಕ್ಕದ ಹೊಲದಿಂದ ಗಾಳಿಗೆ ತೇಲಿಬಂದ ತುಂತುರೇ ಸಾಕು ಎಲೆ ಮುದುಡಲು. ನೆರೆಹೊರೆಯ ಜಗಳದಲ್ಲಿ ಎಲೆ ತೊಳೆದ ನೀರಿನ ಒಂದು ಹನಿ ಸಾಕ್ಷಿ ಹೇಳಬಹುದು.

ಬೆಳಕಿನಿಂದ ಇನ್ನೊಂದು ಲಾಭ ಇದೆ. ಒಳಗೆ ಬಿಡುವುದು ಬೆಳಕು, ಹೊರಗೆ ಅಳೆಯುವುದು ವಿದ್ಯುತ್ತು. ದೀಪವನ್ನು ಹಚ್ಚಿ ಆರಿಸಿ ಎರಡು ಓದುಗಳ ಅಂತರವನ್ನಷ್ಟೇ ತೆಗೆದುಕೊಂಡರೆ, ನೀರಿನಲ್ಲಿರುವ ಬೇರೆ ಪದಾರ್ಥಗಳ ಗದ್ದಲ ಬಹುಮಟ್ಟಿಗೆ ತೊಲಗುತ್ತದೆ. ಬಾದಾಮಿಯ ಬಿಸಿಲು ಇಷ್ಟಿರುವಾಗ ಎಲ್‌ಇಡಿ ಏಕೆ ಎಂದು ಕೇಳುವವರಿಗೆ ಉತ್ತರವೂ ಇದೆ: ಮೋಡ ಬಂದರೆ ಬಿಸಿಲು ಬದಲಾಗುತ್ತದೆ, ದೀಪ ಪ್ರತಿ ಸಲವೂ ಒಂದೇ ಬಣ್ಣ, ಒಂದೇ ಪ್ರಖರತೆ ಕೊಡುತ್ತದೆ.

ನಮ್ಮ ಭಾಗದಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ನಾಗರಾಜ ಶೆಟ್ಟಿ ಅವರ ತಂಡ ಔಷಧಿ ಮತ್ತು ಕೃಷಿ ರಾಸಾಯನಿಕಗಳನ್ನು ಗುರುತಿಸುವ ವಿದ್ಯುದ್ರಾಸಾಯನಿಕ ಸೆನ್ಸರ್‌ಗಳ ಬಗ್ಗೆ ಸತತವಾಗಿ ಪ್ರಬಂಧ ಪ್ರಕಟಿಸಿದೆ. ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕವನ್ನು ಟಂಗ್‌ಸ್ಟನ್ ಆಕ್ಸೈಡಿನ ನ್ಯಾನೊ ಕಡ್ಡಿಗಳಿಂದ ಪತ್ತೆಹಚ್ಚುವ 2021ರ ಕೆಲಸ ಅವುಗಳಲ್ಲೊಂದು. ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ರಾಯಚೂರಿನಲ್ಲಿ ಪ್ರಯೋಗಾಲಯ ಇದೆ. ಮೂರೂ ಕಡೆಯವರು ಒಂದು ಹಳ್ಳದ ದಂಡೆಯಲ್ಲಿ ಕೂಡಬೇಕು.

ಐದು ಜನ ಹೆಣ್ಣುಮಕ್ಕಳು

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್, ನಮ್ಮಲ್ಲಿ 'ಮನೆ ಮನೆಗೆ ಗಂಗೆ', ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಮಾಡಿದೆ. ಫ್ಲೋರೈಡ್, ನೈಟ್ರೇಟ್, ಗಡಸುತನ, ಕಬ್ಬಿಣ, ಕ್ಲೋರೈಡ್ ಇವೆಲ್ಲ ಕಿಟ್‌ನಲ್ಲಿ ಇವೆ. ಇಳಕಲ್, ಹುನಗುಂದ ಭಾಗದ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಹಳೆಯದಾದ್ದರಿಂದ ಬಣ್ಣ ನೋಡಿ ನೀರು ಅಳೆಯುವುದು ಇಲ್ಲಿಯವರಿಗೆ ಹೊಸದಲ್ಲ. ಕಿಟ್‌ನಲ್ಲಿ ಕಳೆನಾಶಕ ಮಾತ್ರ ಇಲ್ಲ. ಬೆಳಕಿನ ಪಟ್ಟಿಗೆ ಸರಿಯಾದ ಜಾಗ ಆ ಕಿಟ್ ಎಂದೇ ನನ್ನ ಅಭಿಪ್ರಾಯ. ಹೊಸ ಇಲಾಖೆ ಬೇಡ, ಹೊಸ ಹುದ್ದೆ ಬೇಡ. ಪಟ್ಟಿ, ದೀಪ ಮತ್ತು ಮೊಬೈಲಿಗೆ ಸಿಕ್ಕಿಸುವ ಪುಟ್ಟ ಡಬ್ಬಿ ಸಾಕು.

ದಾರಿಯಲ್ಲಿ ನಿಜವಾದ ಅಡ್ಡಿಗಳಿವೆ. ಇದುವರೆಗಿನ ಬಹುಪಾಲು ಕೆಲಸ ಪ್ರಯೋಗಾಲಯದ ತಿಳಿನೀರಿನಲ್ಲಿ ನಡೆದದ್ದು. ಮುಂಗಾರಿನ ಮೊದಲ ಹೊಳೆನೀರು ಎರೆಮಣ್ಣಿನಿಂದ ರಾಡಿಯಾಗಿರುತ್ತದೆ. ಅಟ್ರಜಿನ್ನಿನ ಒಂದಷ್ಟು ಪಾಲು ಆ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಸೋಸಿದರೆ ಅದು ಲೆಕ್ಕದಿಂದ ಹೊರಗುಳಿಯುತ್ತದೆ, ಸೋಸದಿದ್ದರೆ ಬೆಳಕು ಪಟ್ಟಿಯನ್ನೇ ತಲುಪುವುದಿಲ್ಲ. ಇಳಕಲ್ಲಿನ ಕಡೆಯ ಗಡಸು ನೀರಿನ ಲವಣಗಳು ಓದನ್ನು ಆಚೀಚೆ ಮಾಡಬಹುದು. ತಾಮ್ರದಂಥ ಲೋಹಗಳು ಪಾಚಿಯ ಯಂತ್ರವನ್ನು ತಾವೇ ಕುಗ್ಗಿಸುತ್ತವೆ. ದ್ರಾಕ್ಷಿಗೆ ಮೈಲುತುತ್ತಿನ ಬೋರ್ಡೊ ದ್ರಾವಣ ಹೊಡೆಯುವ ಜಿಲ್ಲೆಯಲ್ಲಿ ಇದನ್ನು ಮರೆಯುವಂತಿಲ್ಲ.

ಆದ್ದರಿಂದ ಪಟ್ಟಿ ಜರಡಿಯ ಕೆಲಸ ಮಾಡಬೇಕು, ತೀರ್ಪಿನ ಕೆಲಸ ರಾಯಚೂರಿನಲ್ಲೇ ಆಗಬೇಕು. ಎಲ್ಲ ಬಾವಿಗಳ ನೀರನ್ನೂ ಅಲ್ಲಿಗೆ ಒಯ್ಯಲಾಗದು. ಪಟ್ಟಿ ಅನುಮಾನ ತೋರಿಸಿದ ನಾಲ್ಕೈದನ್ನು ಒಯ್ಯಬಹುದು. ಅನುಮಾನ ನಿಜವಾದರೆ ಏನು ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಿರಬೇಕು. ಕುದಿಸಿದರೆ ಅಟ್ರಜಿನ್ ಹೋಗುವುದಿಲ್ಲ. ಸಕ್ರಿಯ ಇದ್ದಿಲಿನ ಸೋಸುಕ ಹೀರಿಕೊಳ್ಳುತ್ತದೆ, ಶುದ್ಧ ನೀರಿನ ಘಟಕದ ಆರ್‌ಒ ಪದರ ಬಹುಪಾಲು ತಡೆಯುತ್ತದೆ. ಬಾವಿಯ ನೀರನ್ನು ಕೆಲವು ವಾರ ಕುಡಿಯಲು ಬಳಸದೆ ಬಿಡಬಹುದು. ಹಳ್ಳದ ದಂಡೆಗುಂಟ ಹುಲ್ಲಿನ ಬದು ಉಳಿಸಿಕೊಂಡರೆ ಹರಿಯುವ ನೀರು ಅಲ್ಲೇ ನಿಧಾನವಾಗಿ ಇಂಗುತ್ತದೆ. ಮಳೆಯ ಸೂಚನೆ ಇದ್ದ ದಿನ ಪಂಪು ಹೆಗಲೇರಿಸದಿರುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಚೌಕಟ್ಟು: ಪಟ್ಟಿಗೆ ಸಿಗುವವು, ಸಿಗದವು
ಎಲೆಯ ಯಂತ್ರದ ಸೆನ್ಸರಿಗೆ ಸಿಗುವವು: ಅಟ್ರಜಿನ್, ಮೆಟ್ರಿಬುಜಿನ್, ಡೈಯುರಾನ್, ಐಸೊಪ್ರೊಟ್ಯುರಾನ್. ಕಬ್ಬು, ಗೋವಿನಜೋಳದ ಸೀಮೆಗೆ ಇದು ಹೊಂದುತ್ತದೆ.
ಬೇರೆ ಬಗೆಯ ಪಟ್ಟಿ ಬೇಕಾದವು: 2,4-ಡಿ, ಪೆಂಡಿಮೆಥಾಲಿನ್, ಗ್ಲೈಫೊಸೇಟ್. ಗ್ಲೈಫೊಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶಿಸಿತು.

ಮೊದಲ ಹೆಜ್ಜೆಗೆ ದೊಡ್ಡ ಯೋಜನೆ ಬೇಕಿಲ್ಲ. ಬಾದಾಮಿ ಮತ್ತು ಹುನಗುಂದ ತಾಲ್ಲೂಕಿನಲ್ಲಿ ಮಲಪ್ರಭೆಗೆ ಸೇರುವ ಕೆಲವು ಹಳ್ಳಗಳನ್ನು ಆರಿಸಿ, ಬಿತ್ತನೆಯಾದ ಮೇಲಿನ ಮೊದಲ ಎರಡು ಜೋರು ಮಳೆಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಬೇಕು. ಅರ್ಧ ಬಾಟಲಿ ತಂಪು ಪೆಟ್ಟಿಗೆಯಲ್ಲಿ ರಾಯಚೂರಿಗೆ ಹೋಗಲಿ, ಇನ್ನರ್ಧವನ್ನು ಊರಿನ ಐವರು ಹೆಣ್ಣುಮಕ್ಕಳು ದಂಡೆಯಲ್ಲೇ ಪಟ್ಟಿಗೆ ಹಾಕಿ ಓದಲಿ. ಎರಡೂ ಓದುಗಳನ್ನು ಪಂಚಾಯ್ತಿಯ ಗೋಡೆಗೆ ಅಂಟಿಸಲಿ, ಹೊಂದಿದರೂ ಸರಿ, ಹೊಂದದಿದ್ದರೂ ಸರಿ. ಮಳೆ ಜೂನ್‌ನಲ್ಲಿ ಬರುತ್ತದೆ. ಪಟ್ಟಿಗಳನ್ನು ಅಚ್ಚು ಹಾಕಿ, ಸ್ಥಳೀಯ ನೀರಿಗೆ ಹೊಂದಿಸಿ, ಬಳಸುವವರಿಗೆ ಕಲಿಸಲು ಬೇಸಿಗೆಯ ನಾಲ್ಕು ತಿಂಗಳು ಸಾಕಾಗುತ್ತದೆ.